ಅನ್ನ ಕೊಟ್ಟರು, ಅಕ್ಕಿಕಾಳು ಕೊಡಲಿಲ್ಲ

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಯಾವ ಲಗ್ನಪತ್ರಿಕೆ ಬಿಡಿಸಿ ನೋಡಿದರೂ ಕೊನೆಯ ಒಕ್ಕಣೆ ಹೆಚ್ಚುಕಡಿಮೆ ಒಂದೇ: ತಾವು ಸಕುಟುಂಬ ಸಪರಿವಾರ ಸಮೇತ ಬಂದು ವಧೂವರರನ್ನು ಆಶೀರ್ವದಿಸಬೇಕು. ಬರೆಸುವವರು ಮನಸ್ಸಿಟ್ಟು ಬರೆಸುವುದಿಲ್ಲ, ಓದುವವರು ಅಲ್ಲಿಯತನಕ ಓದುವುದೂ ಇಲ್ಲ. ಮುದ್ರಣಾಲಯದವರ ಹತ್ತಿರ ಆ ಸಾಲು ಸಿದ್ಧವೇ ಇರುತ್ತದೆ. ಆದರೂ ಅದು ಕೊಟ್ಟ ಮಾತು. ಸಕುಟುಂಬ ಎಂದಮೇಲೆ ಮೊಣಕಾಲು ಸವೆದ ಅಜ್ಜಿಯೂ ಅದರಲ್ಲಿ ಬಂದಳು, ಪೋಲಿಯೊದಿಂದ ಕಾಲು ಸೊರಗಿದ ಸೋದರಮಾವನೂ ಬಂದ, ಲಕ್ವ ಹೊಡೆದು ಗಾಲಿಕುರ್ಚಿ ಹಿಡಿದ ದೊಡ್ಡಪ್ಪನೂ ಬಂದ. ಈ ಮಾತು ಉಳಿಯುತ್ತದೋ ಇಲ್ಲವೋ ಎಂಬುದು ಪತ್ರಿಕೆ ಅಚ್ಚಾಗುವ ಮೊದಲೇ, ಹಾಲ್‌ಗೆ ಮುಂಗಡ ಕೊಟ್ಟ ದಿನವೇ ತೀರ್ಮಾನವಾಗಿರುತ್ತದೆ. ಎಲ್ಲರೂ ಹತ್ತಿ ಬರಬಹುದಾದ ಜಾಗ ನೋಡಿರಪ್ಪ ಎಂದು ಯಾರಾದರೂ ಹೇಳಿದರೆ ಎರಡು ಉತ್ತರ ಬರುತ್ತವೆ. ಇದೆಲ್ಲ ಬೆಂಗಳೂರು, ಹೈದರಾಬಾದಿನವರ ಹೊಸ ಶೋಕಿ ಎನ್ನುವುದು ಒಂದು. ಹಿಂದೆ ಹಂದರದ ಕಾಲದಲ್ಲಿ ಎಲ್ಲರೂ ಬರುತ್ತಿದ್ದರು, ಸಿಮೆಂಟು ಬಂದು ಎಲ್ಲ ಕೆಟ್ಟಿತು ಎನ್ನುವುದು ಇನ್ನೊಂದು. ಬಸವಕಲ್ಯಾಣದ, ಅಂದರೆ ಹಳೆಯ ಕಲ್ಯಾಣದ, ಚರಿತ್ರೆ ಈ ಎರಡನ್ನೂ ಒಪ್ಪುವುದಿಲ್ಲ. ಒಬ್ಬ ಮನುಷ್ಯನಿಗೆ ಅನ್ನ ಕೊಟ್ಟರೆ ಸಾಕೋ, ಪಾಲೂ ಕೊಡಬೇಕೋ ಎಂಬ ಜಗಳ ಈ ಊರಿನಲ್ಲಿ ಒಂಬೈನೂರು ವರ್ಷಗಳಷ್ಟು ಹಳೆಯದು. ಲಗ್ನದ ಜಾಗದ ಪ್ರಶ್ನೆ ಆ ಜಗಳದ ಈಗಿನ ರೂಪ.

ಹನ್ನೊಂದನೆಯ ಶತಮಾನದ ನಡುವಿನಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರ ರಾಜಧಾನಿಯನ್ನು ಮಳಖೇಡದಿಂದ ಕಲ್ಯಾಣಕ್ಕೆ ತಂದ. ಅವನ ಮಗ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಆ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನ ಕಲ್ಯಾಣದಂಥ ಪಟ್ಟಣ ಹಿಂದೆ ಇರಲಿಲ್ಲ, ಮುಂದೆಯೂ ಇರದು ಎಂಬ ಹೊಗಳಿಕೆಯೊಂದಿಗೆ ಮುಗಿಯುತ್ತದೆ. ಮುಂದೆ ಬ್ರಿಟಿಷ್ ನ್ಯಾಯಾಲಯಗಳು ಬಂಗಾಳ, ಅಸ್ಸಾಮಿನ ಕಡೆ ಬಿಟ್ಟು ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ವ್ಯಾಜ್ಯಗಳನ್ನು ಇದೇ ಗ್ರಂಥದ ಮೇಲೆ ತೀರಿಸಿದವು. ದಾಯಭಾಗದ ಪ್ರಕರಣದಲ್ಲಿ ಒಂದು ಪಟ್ಟಿ ಇದೆ: ನಪುಂಸಕ, ಜಾತಿಭ್ರಷ್ಟ, ಅವನ ಮಗ, ಕುಂಟ, ಹುಚ್ಚ, ಜಡ, ಕುರುಡ, ವಾಸಿಯಾಗದ ರೋಗಿ. ಇವರಿಗೆ ಅನ್ನ ಬಟ್ಟೆ ಕೊಟ್ಟು ಸಾಕಬೇಕು, ಆಸ್ತಿಯಲ್ಲಿ ಪಾಲಿಲ್ಲ. ಅವರ ಗಂಡುಮಕ್ಕಳಲ್ಲಿ ದೋಷವಿಲ್ಲದಿದ್ದರೆ ಆ ಮಕ್ಕಳಿಗೆ ಪಾಲುಂಟು, ಹೆಣ್ಣುಮಕ್ಕಳನ್ನು ಲಗ್ನವಾಗುವತನಕ ಸಾಕಬೇಕು. ಔಷಧಿಯಿಂದ ಗುಣವಾದರೆ ಆಗ ಪಾಲು ಕೇಳಬಹುದು. ಯಾರನ್ನೂ ಬೀದಿಗೆ ತಳ್ಳು ಎಂದು ಈ ನಿಯಮ ಹೇಳುವುದಿಲ್ಲ. ಹೊಟ್ಟೆಗೆ ಹಾಕು ಎನ್ನುತ್ತದೆ. ಮನೆಯ ಲೆಕ್ಕಕ್ಕೆ ಕೂತಾಗ ಮಾತ್ರ ಅವನನ್ನು ಎಣಿಸಬೇಡ ಎನ್ನುತ್ತದೆ. ಬ್ರಿಟಿಷ್ ಇಂಡಿಯಾದಲ್ಲಿ ಈ ಪಟ್ಟಿಯ ಬಹುಭಾಗ ಹೋದದ್ದು 1928ರ ಒಂದು ಕಾಯ್ದೆಯಿಂದ. ನಿಜಾಮನ ರಾಜ್ಯದಲ್ಲಿ ಕಲ್ಯಾಣಿ ಎನಿಸಿದ್ದ ಈ ಊರಿಗೆ ಆ ಕಾಯ್ದೆಯೂ ನೇರವಾಗಿ ತಗಲುತ್ತಿರಲಿಲ್ಲ. ರೋಗ, ಊನ, ಅಂಗವೈಕಲ್ಯದ ಕಾರಣಕ್ಕೆ ಯಾವ ಹಿಂದೂವಿನ ಪಾಲನ್ನೂ ತಪ್ಪಿಸಕೂಡದು ಎಂದು ಹೆಚ್ಚುಕಡಿಮೆ ದೇಶಕ್ಕೆಲ್ಲ ಅನ್ವಯವಾಗುವಂತೆ ಬರೆದದ್ದು 1956ರ ಉತ್ತರಾಧಿಕಾರ ಕಾಯ್ದೆ. ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ.

ಅನ್ನಕ್ಕೂ ಪಾಲಿಗೂ ನಡುವಿನ ಈ ಗೆರೆ ಆಸ್ತಿಯ ಗ್ರಂಥದಲ್ಲಿ ಮಾತ್ರ ಇದ್ದದ್ದಲ್ಲ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ ಅರಮನೆಯ ಅಡುಗೆ, ಊಟ, ವಿನೋದಗಳನ್ನು ಬಾಯಲ್ಲಿ ನೀರೂರುವಂತೆ ವಿವರಿಸುತ್ತದೆ. ದೀನರನ್ನು, ಅನಾಥರನ್ನು, ಸಂಕಟದಲ್ಲಿರುವವರನ್ನು ಸಾಕುವುದನ್ನೂ ರಾಜನ ಕರ್ತವ್ಯಗಳ ಸಾಲಿಗೆ ಸೇರಿಸುತ್ತದೆ. ಇನ್ನೂ ಸ್ಪಷ್ಟವಾದ ಸಾಕ್ಷ್ಯ 1162ರದು. ಕಲ್ಯಾಣವನ್ನು ಕೈಗೆ ತೆಗೆದುಕೊಂಡಿದ್ದ ಕಲಚುರಿ ಬಿಜ್ಜಳ ದಕ್ಷಿಣದ ಸೀಮೆಗಳಿಗೆ ಹೋಗಿ, ಈಗಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಬೀಡು ಬಿಟ್ಟಿದ್ದ ಹೊತ್ತಿನ ಶಾಸನ ಅದು. ಅಲ್ಲಿನ ಕೋಡಿಯಮಠದಲ್ಲಿ ಯಾರುಯಾರಿಗೆ ಅನ್ನ ಸಲ್ಲುತ್ತಿತ್ತು ಎಂದು ಅದು ಉದ್ದಕ್ಕೆ ಎಣಿಸುತ್ತದೆ: ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ದೇಶದೇಶದ ಭಿಕ್ಷುಕರು. ರೋಗಿಗಳಿಗೆ ಔಷಧಿಯ ಏರ್ಪಾಡೂ ಅಲ್ಲಿತ್ತು. ಒಂದು ಮಠ ಇಷ್ಟು ಜನರನ್ನು ಒಳಗೆ ಕರೆದು ಉಣಬಡಿಸಿತು ಎನ್ನುವುದು ಸಣ್ಣ ಮಾತಲ್ಲ; ಕನ್ನಡ ನಾಡಿನ ಶಾಸನಗಳಲ್ಲಿ ಇದು ಎದ್ದು ಕಾಣುವ ಒಂದು. ಆದರೆ ಕಾಲಿಲ್ಲದವರು, ಕಣ್ಣಿಲ್ಲದವರು ನಮ್ಮ ಹಳೆಯ ದಾಖಲೆಗಳಲ್ಲಿ ಯಾವ ಬಾಗಿಲಿನಿಂದ ಒಳಗೆ ಬರುತ್ತಾರೆ ಎಂಬುದನ್ನು ನೋಡಬೇಕು. ದಾನದ ಪಟ್ಟಿಯಲ್ಲಿ ಅವರಿದ್ದಾರೆ. ಬೀಗರಾಗಿ, ಬಂಧುಗಳಾಗಿ, ಒಂದು ಶುಭಕಾರ್ಯಕ್ಕೆ ಸಾಕ್ಷಿಯಾಗಿ ಅವರು ಕಾಣುವುದು ಬಹಳ ಅಪರೂಪ. ಉಣಿಸುವವನ ಪುಣ್ಯಕ್ಕೆ ಅವರು ಬೇಕು, ಉಣಿಸುವವನ ಸಭೆಗೆ ಬೇಡ.

ಇದೇ ಬಿಜ್ಜಳನ ಕಾಲದಲ್ಲಿ, ಇದೇ ಕಲ್ಯಾಣದಲ್ಲಿ ಸಭೆಯ ಪ್ರಶ್ನೆಯನ್ನು ನೇರವಾಗಿ ಎತ್ತಿದ ಲಗ್ನವೊಂದು ನಡೆಯಿತೆಂದು ಶರಣ ಪರಂಪರೆ ಹೇಳುತ್ತದೆ. ಸಮಗಾರ ಕಾಯಕದ ಹರಳಯ್ಯನ ಮಗ ಶೀಲವಂತನಿಗೂ, ಬ್ರಾಹ್ಮಣನಾಗಿ ಹುಟ್ಟಿ ಶರಣನಾದ ಮಧುವರಸನ ಮಗಳಿಗೂ ಸಂಬಂಧ ಕೂಡಿತು. ಅರಮನೆ ಅದನ್ನು ಅಪರಾಧವೆಂದಿತು. ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು. 1168ರ ಹೊತ್ತಿಗೆ ಬಿಜ್ಜಳನೂ ಇಲ್ಲ, ಶರಣರೂ ಕಲ್ಯಾಣದಲ್ಲಿ ಇಲ್ಲ. ಆ ಕಾಲದ ಶಾಸನಗಳಲ್ಲಿ ಈ ಲಗ್ನದ ಸುದ್ದಿಯಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಪಾಲ್ಕುರಿಕೆ ಸೋಮನಾಥನ ತೆಲುಗು ಕಾವ್ಯವನ್ನು ಹಿಂಬಾಲಿಸಿ ಭೀಮಕವಿ 1369ರಲ್ಲಿ ಬರೆದ ಕನ್ನಡ ಬಸವಪುರಾಣದಲ್ಲಿ ಮುಖ್ಯವಾಗಿ ಸಿಗುವುದು ಶಿಕ್ಷೆ. ಲಗ್ನದ ವಿವರ ತುಂಬಿಕೊಂಡು ಬೆಳೆಯುವುದು ನಂತರದ ಕಥನಗಳಲ್ಲಿ. ಗಿರೀಶ ಕಾರ್ನಾಡರ ‘ತಲೆದಂಡ’ 1990ರಲ್ಲಿ ಬಂದ ಹೊತ್ತಿಗೆ ಅದು ಇಡೀ ಕಥೆಯ ನಡುಗಂಬವಾಗಿತ್ತು. ಆದ್ದರಿಂದ ಇದನ್ನು ತಾರೀಖು ಸಮೇತ ಸಿದ್ಧವಾದ ಘಟನೆ ಎಂದು ಹೇಳದೆ, ಈ ಊರು ಏಳೆಂಟು ಶತಮಾನ ಕಾಪಾಡಿಕೊಂಡು ಬಂದ ನೆನಪು ಎಂದು ಹೇಳಿದರೆ ಸಾಕು. ಬಸವಕಲ್ಯಾಣದಲ್ಲಿ ಇಂದಿಗೂ ಹರಳಯ್ಯನ ಗವಿ ಇದೆ, ಜನ ಹೋಗಿ ಬರುತ್ತಾರೆ. ಬಸವಪುರಾಣದಲ್ಲಿ ಬರುವ ಶಿಕ್ಷೆ ಆನೆಯದಲ್ಲ, ಆದರೆ ಅದರ ಕಡೆಗೆ ಹೆಚ್ಚಿನವರ ಗಮನ ಹೋಗಿಲ್ಲ: ಬಿಜ್ಜಳ ಈ ಇಬ್ಬರು ಶರಣರ ಕಣ್ಣು ಕೀಳಿಸಿದ. ಮಿತಾಕ್ಷರಾ ಬರೆದ ಊರಿನಲ್ಲಿ ಒಬ್ಬನನ್ನು ಕುರುಡನನ್ನಾಗಿ ಮಾಡುವುದೆಂದರೆ ಅವನನ್ನು ಪಾಲಿಲ್ಲದವರ ಸಾಲಿಗೆ ತಳ್ಳುವುದೂ ಆಗಿತ್ತು. ಕಥನಕಾರರು ಇದನ್ನು ಯೋಚಿಸಿ ಬರೆದರೆಂದು ಹೇಳಲಾರೆ. ಆದರೆ ಎರಡು ಬಗೆಯ ಹೊರಹಾಕುವಿಕೆ ಇಲ್ಲಿ ಒಂದೇ ದೇಹದ ಮೇಲೆ ಬಂದು ಕೂತಿವೆ.

ಇಲ್ಲಿ ಒಬ್ಬ ಗಂಭೀರ ಓದುಗ ತಡೆದು ಕೇಳಬಹುದು: ಪ್ರಾಣ ಕೊಟ್ಟವರ ಲಗ್ನವನ್ನು ಫಂಕ್ಷನ್ ಹಾಲಿನ ರ‍್ಯಾಂಪಿನ ಜೊತೆಗೆ ಕಟ್ಟುವುದು ಅತಿಯಾಯಿತಲ್ಲವೇ? ಜಾತಿ ಎಂಬುದು ಬೇಕೆಂದೇ ಕಟ್ಟಿದ ಗೋಡೆ, ಮೆಟ್ಟಿಲು ಮೇಸ್ತ್ರಿಯ ಮರೆವು. ಈ ಆಕ್ಷೇಪಕ್ಕೆ ತೂಕವಿದೆ. ಮೆಟ್ಟಿಲು ಹತ್ತಲಾಗದೆ ಕೆಳಗೆ ಉಳಿದವನ ಮೇಲೆ ಯಾರೂ ಕಲ್ಲು ತೂರುವುದಿಲ್ಲ. ಕುದುರೆ ಏರಿದ ದಲಿತ ಮದುಮಗನ ಮೇಲೆ ಕಲ್ಲು ತೂರಿದ್ದು ನಮ್ಮ ದೇಶದಲ್ಲಿ ಈಚಿನ ಮಾತು. ಅದಕ್ಕೇ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಮದುವೆ ಮೆರವಣಿಗೆಗೂ ಕುದುರೆ ಏರುವುದಕ್ಕೂ ಅಡ್ಡಿ ಮಾಡುವುದನ್ನು ಹೆಸರಿಟ್ಟು ಅಪರಾಧವೆಂದಿತು. ಎರಡೂ ಒಂದೇ ಎಂದು ಹೇಳಿದರೆ ಜಾತಿಯ ಹಿಂಸೆಯನ್ನು ಹಗುರ ಮಾಡಿದಂತೆ, ಅದು ಬೇಡ. ನಾನು ಹೇಳುತ್ತಿರುವುದು ಇಷ್ಟೇ: ಹೊರಗಿಡುವವನ ಮನಸ್ಸು ಬೇರೆಯಾದರೂ ಹೊರಗುಳಿದವನಿಗೆ ಸಿಗುವುದು ಒಂದೇ ತೀರ್ಮಾನ. ಊಟ ಕಳಿಸುತ್ತೇವೆ, ನೀನು ಅಲ್ಲೇ ಇರು. ಹರಳಯ್ಯ, ಮಧುವರಸರ ನೆನಪು ಆ ತೀರ್ಮಾನವನ್ನೇ ತಿರಸ್ಕರಿಸಿದ್ದು. ದಾಸೋಹದಲ್ಲಿ ಸಮಗಾರನಿಗೆ ಅನ್ನ ಹಾಕಿದ್ದಕ್ಕೆ ಅರಮನೆ ಸಿಟ್ಟಾಗಲಿಲ್ಲ. ಅವನು ಬೀಗನಾಗಿ ಸರಿಸಮ ಕೂತದ್ದಕ್ಕೆ ಸಿಟ್ಟಾಯಿತು.

ಇನ್ನು ಹಂದರದ ಕಾಲ. ಈ ಸೀಮೆಯಲ್ಲಿ ಲಗ್ನವೆಂದರೆ ಬಹುಕಾಲ ಹೆಣ್ಣಿನ ಮನೆಯ ಅಂಗಳ, ಅದು ಸಾಲದಿದ್ದರೆ ಮನೆಮುಂದಿನ ಓಣಿ. ಹಂದರಗಂಬ ನಟ್ಟು ಪೂಜೆ ಮಾಡಿ, ಮೇಲೆ ಸೊಪ್ಪು ಹೊದಿಸಿ, ಬಾಗಿಲಿಗೆ ಬಾಳೆಕಂಬ ಕಟ್ಟಿ, ನೆಲ ಸಾರಿಸಿ ಜಮಖಾನೆ ಹಾಸಿದರೆ ಮಂಟಪ ಆಯಿತು. ಮದುಮಕ್ಕಳು ಕೂಡುವುದು ಹಸೆಯ ಮೇಲೆ, ಬಂದವರು ಅದೇ ನೆಲದ ಮೇಲೆ. ಮುಹೂರ್ತಕ್ಕೆ ಸ್ವಲ್ಪ ಮುಂಚೆ ಹುಡುಗರು ತಾಟಿನಲ್ಲಿ ಅರಿಶಿಣ ಹಚ್ಚಿದ ಅಕ್ಕಿಕಾಳು ಹಿಡಿದು ಸಾಲುಸಾಲಿಗೆ ಬರುತ್ತಾರೆ. ಒಬ್ಬೊಬ್ಬರ ಅಂಗೈಗೆ ಒಂದು ಚಿಟಿಕೆ. ಮಂಗಳಾಷ್ಟಕದ ಒಂದೊಂದು ಪದ್ಯದ ಕೊನೆಗೆ ಸಾವಧಾನ ಎಂದಾಗ ನಾಲ್ಕು ಕಾಳು ತೂರಬೇಕು, ಎಂಟೂ ಪದ್ಯಕ್ಕೆ ಆಗುವಷ್ಟು ಉಳಿಸಿಕೊಳ್ಳಬೇಕು, ಹಿಂದಿನವರು ತೂರಿದ್ದು ಮುಂದಿನವರ ರುಮಾಲಿನ ಮೇಲೆ ಬೀಳುತ್ತಲೇ ಇರುತ್ತದೆ. ಬಂದವರಿಗೆ ಲಗ್ನದಲ್ಲಿರುವ ಕೆಲಸ ಇದೊಂದೇ. ಆ ಚಿಟಿಕೆ ಕಾಳೇ ಅವರ ಪಾಲು, ಊಟ ಆಮೇಲಿನದು. ಕೋಲೂರಿ ನಡೆಯುವ ಅಜ್ಜ ಹಂದರದ ಅಂಚಿಗೆ ಬಂದು ಗೋಡೆಗೆ ಒರಗಿ ಕೂತರೂ ಕಾಳು ಅವನ ಕೈಗೆ ಬರುತ್ತಿತ್ತು. ಈ ಮಟ್ಟಿಗೆ ಹಳೆಯದನ್ನು ಹೊಗಳುವವರ ಮಾತು ನಿಜ.

ಆದರೆ ಆ ನೆಲ ಎಲ್ಲರದ್ದಾಗಿರಲಿಲ್ಲ. ಹಂದರದಲ್ಲಿ ಮೆಟ್ಟಿಲಿರಲಿಲ್ಲ, ಮೆಟ್ಟಿಲಿನ ಕೆಲಸವನ್ನು ಜಾತಿ ಮಾಡುತ್ತಿತ್ತು. ಹಲಗೆ ಬಾರಿಸಿ ಲಗ್ನಕ್ಕೆ ಕಳೆ ಕಟ್ಟಿದವರು ಹಂದರದ ಹೊರಗೆ ನಿಲ್ಲಬೇಕು, ಅವರ ಪಂಗತ ಕೊನೆಗೆ, ಅದೂ ಬೇರೆ ಕಡೆ. ಯಾವ ಜಾತಿಯವರು ಯಾರ ಸಾಲಿನಲ್ಲಿ ಕೂತು ಉಣ್ಣಬೇಕು ಎಂಬುದಕ್ಕೆ ಬರೆದಿಡದ ಶಾಸನ ಊರೂರಿಗೆ ಇತ್ತು. ಸ್ಥಿತಿವಂತರ ವಾಡೆಗಳಲ್ಲಾದರೆ ಆಳೆತ್ತರದ ಕಟ್ಟೆ, ಮೊಣಕಾಲೆತ್ತರದ ಹೊಸ್ತಿಲು. ಬಾಗದೆ ಒಳಗೆ ಬರುವಂತಿಲ್ಲ. ಕಲ್ಯಾಣಿ ನವಾಬರ ಜಾಗೀರಾಗಿದ್ದ ಕಾಲದಲ್ಲಿ ಊರಿನ ಮೇಲೆ ನಿಂತಿದ್ದ ಕೋಟೆ ಈ ಬುದ್ಧಿಯ ದೊಡ್ಡ ರೂಪ: ಒಂದರ ಹಿಂದೊಂದು ಬಾಗಿಲು, ನಡುವೆ ತಿರುವು, ಬಂದವನು ನೇರ ಒಳಗೆ ಬರಬಾರದು ಎನ್ನುವುದೇ ಅದರ ಉದ್ದೇಶ. ವೈರಿಗೆ ಸರಿ, ಅದೇ ರೂಪ ಮನೆಗಳಿಗೆ ಇಳಿದು ಗೌರವದ ಗುರುತಾಯಿತು. ನೆಲದ ಮೇಲಿನ ಪಂಗತವನ್ನೂ ಸುಮ್ಮನೆ ಹೊಗಳಬೇಕಿಲ್ಲ. ಚಕ್ಕಳಮಕ್ಕಳ ಹಾಕಿ ಕೂಡಲಾಗದ ಮುದುಕರಿಗೆ ಅದೂ ಒಂದು ಶಿಕ್ಷೆ. ಈಗಿನ ಬಫೆ ಮಾತ್ರ ಅದಕ್ಕಿಂತ ವಾಸಿ ಎನ್ನುವಂತಿಲ್ಲ: ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತಾಟು, ಉಣ್ಣುವುದು ಯಾವ ಕೈಯಲ್ಲಿ?

ಸಾಮಾಜಿಕ ಬಾಗಿಲು ತೆರೆಯುವ ಪ್ರಯತ್ನಗಳು ಈ ಸೀಮೆಯಲ್ಲಿ ಕಾನೂನಿಗಿಂತ ಮೊದಲೇ ನಡೆದಿದ್ದವು. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು 1845ರಲ್ಲಿ ಹುಮನಾಬಾದ್ ಬಳಿ ನೆಲೆ ನಿಂತು, ಎಲ್ಲ ಮತಗಳೂ ಸತ್ಯವೆನ್ನುವ ಸಕಲಮತ ಸಂಪ್ರದಾಯ ಕಟ್ಟಿದರು. 1865ರಲ್ಲಿ ಅವರು ಸಮಾಧಿಸ್ಥರಾದ ಮೇಲೂ ಮಾಣಿಕನಗರದ ದರ್ಬಾರಿಗೆ ಹಿಂದೂ ಮುಸ್ಲಿಮರಿಬ್ಬರೂ ಬರುವುದು ನಿಂತಿಲ್ಲ. ಅಲ್ಲಿ ಅಂಧ ಮಕ್ಕಳ ಶಾಲೆಯೂ ಇದೆ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1950ರಲ್ಲಿ ಸಂವಿಧಾನ ಬಂತು, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಧರ್ಮಶಾಲೆ, ಛತ್ರ, ಮೆರವಣಿಗೆ ಯಾವುದರಲ್ಲೂ ಅಡ್ಡಗಟ್ಟುವಂತಿಲ್ಲ ಎಂದಿತು. ಬರಬರುತ್ತ ಲಗ್ನ ಅಂಗಳದಿಂದ ಹೊರಬಿತ್ತು. ಅಂಬೇಡ್ಕರ್ ಭವನ, ಬಾಬು ಜಗಜೀವನರಾಂ ಭವನ, ಶಾದಿ ಮಹಲ್, ಸಮುದಾಯ ಭವನಗಳು ಸರಕಾರಿ ಅನುದಾನದಲ್ಲಿ ಎದ್ದವು. ಹೈದರಾಬಾದಿನ ಹವಾ ತಗಲಿದ ಈ ಕಡೆ ಖಾಸಗಿಯವರು ಕಟ್ಟಿದ್ದಕ್ಕೆ ಫಂಕ್ಷನ್ ಹಾಲ್ ಎಂದೇ ಹೆಸರಾಯಿತು. ಇದರ ದೊಡ್ಡ ಗುಣವನ್ನು ಒಪ್ಪಲೇಬೇಕು. ಬಾಡಿಗೆ ಕಟ್ಟಿದವರಿಗೆ ಹಾಲ್ ಕೊಡಬೇಕು, ಒಳಗೆ ಬಂದವರ ಕುಲ ಕೇಳಲು ಮ್ಯಾನೇಜರಿಗೆ ಪುರಸೊತ್ತಿಲ್ಲ, ಟೇಬಲ್ಲಿನ ಮುಂದೆ ಯಾರ ಪಕ್ಕದಲ್ಲಿ ಯಾರು ಕೂತರೋ ಗೊತ್ತಾಗುವುದಿಲ್ಲ. ಪಂಗತದ ಜಾತಿಯನ್ನು ಭಾಷಣಗಳಿಗಿಂತ ಹೆಚ್ಚಾಗಿ ಬಾಡಿಗೆಯ ರಸೀದಿ ಸಡಿಲಿಸಿತು.

ಅದೇ ಹಾಲ್ ಜನರನ್ನು ನೆಲದಿಂದ ಮೇಲಕ್ಕೆತ್ತಿತು. ಇದಕ್ಕೆ ದುರುದ್ದೇಶವೇನೂ ಇರಲಿಲ್ಲ, ಲೆಕ್ಕಾಚಾರ ಇತ್ತು. ಆಷಾಢದಲ್ಲಿ ಲಗ್ನವಿಲ್ಲ, ಧನುರ್ಮಾಸದಲ್ಲಿಲ್ಲ, ಪಿತೃಪಕ್ಷದಲ್ಲಿಲ್ಲ. ಮುಹೂರ್ತವಿರುವ ದಿನ ಮಾತ್ರ ಹಾಲಿಗೆ ದುಡಿಮೆ. ಬಜಾರಿನ ನಿವೇಶನದಲ್ಲಿ ನೆಲಮಹಡಿಯನ್ನು ಅಂಗಡಿಗಳಿಗೆ ಕೊಟ್ಟರೆ ತಿಂಗಳು ತಿಂಗಳು ಬಾಡಿಗೆ ಬರುತ್ತದೆ. ಹಾಗಾಗಿ ಕೆಳಗೆ ಮಳಿಗೆ ಅಥವಾ ಪಾರ್ಕಿಂಗ್, ಮೊದಲ ಮಹಡಿಯಲ್ಲಿ ಊಟ, ಅದರ ಮೇಲೆ ಲಗ್ನ. ರಸ್ತೆಗೆ ಡಾಂಬರು ಬಿದ್ದಂತೆಲ್ಲ ರಸ್ತೆ ಏರುತ್ತದೆ, ಮಳೆನೀರು ಒಳಗೆ ಬರಬಾರದೆಂದು ಹಾಲಿನ ಮುಂಗಟ್ಟೆಯನ್ನೂ ಎತ್ತರಿಸುತ್ತಾರೆ, ಅಲ್ಲಿ ಮತ್ತೆ ಐದಾರು ಮೆಟ್ಟಿಲು. ಇನ್ನು ವೇದಿಕೆ. ಹಸೆಯ ಮೇಲೆ ನೆಲಕ್ಕೆ ಕೂಡುತ್ತಿದ್ದ ಮದುಮಕ್ಕಳು ನಾಟಕದ ರಂಗದಂಥ ಮೂರು ನಾಲ್ಕು ಅಡಿ ಎತ್ತರದ ಸ್ಟೇಜಿಗೆ ಏರಿದರು. ಬಂದವರು ಸಾಲು ಹಚ್ಚಿ ಒಂದು ಬದಿಯಿಂದ ಹತ್ತಿ, ಫೋಟೊ ತೆಗೆಸಿಕೊಂಡು, ಇನ್ನೊಂದು ಬದಿಯಿಂದ ಇಳಿಯಬೇಕು. ಹತ್ತಲಾಗದವರಿಗೆ ಮುಂದಿನ ಸೋಫಾ. ಕಟ್ಟಡವನ್ನೇ ಹತ್ತಲಾಗದವರಿಗೆ ಕಾರಿನೊಳಗೆ ಒಂದು ತಾಟು: 40 ಡಿಗ್ರಿ ದಾಟಿದ ಏಪ್ರಿಲ್, ಮೇ ಬಿಸಿಲಲ್ಲಿ, ಮಧ್ಯಾಹ್ನದ ಮುಹೂರ್ತದ ಹೊತ್ತಿಗೆ, ಬಾಗಿಲು ತೆರೆದಿಟ್ಟ ಕಾರು, ಮೇಲಿನಿಂದ ಮೈಕಿನಲ್ಲಿ ಸಾವಧಾನ ಕೇಳುತ್ತಿರುತ್ತದೆ, ಕೈಯಲ್ಲಿ ಕಾಳಿಲ್ಲ. ಹೋಳಿಗೆಗೆ ಕೊರತೆ ಇಲ್ಲ. ವಿಜ್ಞಾನೇಶ್ವರ ನೋಡಿದ್ದರೆ ತನ್ನ ನಿಯಮ ಚಾಚೂ ತಪ್ಪದೆ ನಡೆಯುತ್ತಿದೆ ಎಂದುಕೊಳ್ಳುತ್ತಿದ್ದ.

ಅಂಥವರು ಎಷ್ಟು ಮಂದಿ, ನಾಲ್ಕು ಹುಡುಗರು ಸೇರಿ ಎತ್ತಿಕೊಂಡು ಹೋದರೆ ಆಯಿತಲ್ಲ ಎನ್ನುವುದು ಎಲ್ಲ ಕಡೆ ಕೇಳುವ ಮಾತು. 2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರನ್ನು ಎಣಿಸಿತು. ಆಗಿನ್ನೂ ಕಾನೂನಿನ ಪಟ್ಟಿ ಚಿಕ್ಕದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಯಾವ ಪಟ್ಟಿಗೂ ಸೇರದ ಮೊಣಕಾಲು ನೋವಿನವರು, ಬಸುರಿಯರು, ಕಂಕುಳಲ್ಲಿ ಕೂಸಿದ್ದವರು ಬೇರೆ. ಲಗ್ನಕ್ಕೆ ಬರುವವರಲ್ಲಿ ವಯಸ್ಸಾದವರೇ ಹೆಚ್ಚು, ಆಶೀರ್ವಾದ ಬೇಕಾದದ್ದೂ ಅವರಿಂದಲೇ. ಎತ್ತಿಕೊಂಡು ಹೋಗುವುದರ ಬೆಲೆ ಏನು ಎಂಬುದನ್ನು 2023ರ ಅಕ್ಟೋಬರಿನಲ್ಲಿ ಮುಂಬಯಿಯ ಖಾರ್‌ನಲ್ಲಿ ದೇಶ ನೋಡಿತು. ಗಾಲಿಕುರ್ಚಿ ಬಳಸುವ ಹಕ್ಕುಗಳ ಹೋರಾಟಗಾರ್ತಿ ವಿರಾಲಿ ಮೋದಿ ತಮ್ಮ ಮದುವೆಯನ್ನೇ ನೋಂದಾಯಿಸಲು ಹೋದಾಗ ಕಚೇರಿ ಎರಡನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಮದುಮಗಳನ್ನು ಹೊತ್ತು ಮೇಲೆ ಒಯ್ದರು. ಬಿದ್ದರೆ ಯಾರು ಹೊಣೆ ಎಂದು ಅವರು ಸಾರ್ವಜನಿಕವಾಗಿ ಕೇಳಿದ ಮೇಲೆ ಮಂತ್ರಿಗಳು ಉತ್ತರ ಕೊಡಬೇಕಾಯಿತು. ಹೊತ್ತೊಯ್ಯುವ ಹುಡುಗರ ಪ್ರೀತಿ ಸುಳ್ಳಲ್ಲ. ಆದರೆ ಇಸ್ತ್ರಿ ಸೀರೆ ಉಟ್ಟು ಬಂದ ಹಿರಿಯಳೊಬ್ಬಳು ಎಲ್ಲರ ಕಣ್ಣೆದುರು ಮೂಟೆಯಂತೆ ಏರಬೇಕಾದರೆ, ಮುಂದಿನ ಲಗ್ನಕ್ಕೆ ನನಗೆ ಮೈಯಲ್ಲಿ ಹುಷಾರಿಲ್ಲ ಎನ್ನುತ್ತಾಳೆ. ಆ ಸುಳ್ಳನ್ನು ಎರಡೂ ಕಡೆಯವರು ನಂಬಿದಂತೆ ಮಾಡುತ್ತಾರೆ. ಬಾರದವರು ಯಾರೂ ಇಲ್ಲ, ಎಲ್ಲರಿಗೂ ಸರಿಹೋಗಿದೆ ಎಂದು ಹಾಲಿನವರು ಹೇಳಬಲ್ಲದ್ದು ಇದರಿಂದಾಗಿಯೇ.

ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ, ಕಾಗದದ ಮೇಲೆ. ವಿಕಲಚೇತನರಿಗಾಗಿ ಬಂದ 1995ರ ಕಾಯ್ದೆ ಸಾರ್ವಜನಿಕ ಕಟ್ಟಡಗಳಿಗೆ ರ‍್ಯಾಂಪ್ ಬೇಕೆಂದು ಹೇಳಿತ್ತು, ಆರ್ಥಿಕ ಶಕ್ತಿಯ ಮಿತಿಯಲ್ಲಿ ಎಂಬ ಬಾಲವನ್ನೂ ಸೇರಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆ ಬಾಲ ಕತ್ತರಿಸಿತು. ಖಾಸಗಿಯವರದ್ದಾದರೂ ಜನ ಬಳಸುವ ಕಟ್ಟಡ ಸಾರ್ವಜನಿಕ ಕಟ್ಟಡವೇ. ಧಾರ್ಮಿಕ, ಸಾಂಸ್ಕೃತಿಕ, ವಾಣಿಜ್ಯ ಬಳಕೆ ಎಲ್ಲವೂ ಅದರಲ್ಲಿ ಬಂತು. ಸುಗಮ ಪ್ರವೇಶದ ನಿಯಮ ಪಾಲಿಸದ ನಕ್ಷೆಗೆ ಅನುಮತಿ ಇಲ್ಲ, ಕಟ್ಟಿ ಮುಗಿಸಿದ ಪ್ರಮಾಣಪತ್ರವಿಲ್ಲ. ಹಳೆಯ ಕಟ್ಟಡಗಳಿಗೆ 2017ರ ನಿಯಮಗಳು ಬಂದ ಮೇಲೆ ಐದು ವರ್ಷ ಕಾಲಾವಕಾಶ, ಅದೂ 2022ಕ್ಕೆ ತೀರಿತು. ಆ ನಿಯಮಗಳಲ್ಲೂ ಎಷ್ಟೋ ಮಾತು ಬರೀ ಸಲಹೆಯ ಧಾಟಿಯಲ್ಲಿದ್ದವು. ರಾಜೀವ್ ರತುರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಅದು ಕಾಯ್ದೆಗೇ ವಿರುದ್ಧವೆಂದು ಹೇಳಿ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸಲು ಕೇಂದ್ರಕ್ಕೆ ಆದೇಶಿಸಿತು. ತಾಲ್ಲೂಕು ಊರಿನ ಹಾಲಿನವರಿಗೆ ಇದೆಲ್ಲ ಎಷ್ಟು ದೂರದ ಸುದ್ದಿ ಎಂದು ಯಾರೂ ಹೇಳಬೇಕಾಗಿಲ್ಲ. ಆದರೆ ಕಾನೂನು ಬಂದು ಕದ ತಟ್ಟುವತನಕ ಕಾಯಬೇಕಾದವರು ಅವರು, ಬಾಡಿಗೆ ಕಟ್ಟುವವರಲ್ಲ.

ಖರ್ಚಿನ ಮಾತನ್ನು ತಳ್ಳಿಹಾಕುವಂತಿಲ್ಲ, ಲೆಕ್ಕ ಹಾಕಿ ನೋಡಬಹುದು. ಗಾಲಿಕುರ್ಚಿ ಸಲೀಸಾಗಿ ಏರಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಮೂರು ಅಡಿಯ ಸ್ಟೇಜಿಗೆ ಮೂವತ್ತಾರು ಅಡಿ. ಅಷ್ಟು ಜಾಗ ಎಷ್ಟೋ ಹಾಲುಗಳಲ್ಲಿಲ್ಲ. ನಾಲ್ಕು ಅಡಿ ಉದ್ದದ ಹಲಗೆ ಇಟ್ಟು ರ‍್ಯಾಂಪ್ ಇದೆ ಎನ್ನುವುದು ಇದರಿಂದಲೇ. ಅದರ ಮೇಲೆ ಕುರ್ಚಿ ಜಾರದೆ ಉಳಿಯುವುದು ದೇವರ ದಯೆ. ಆದರೆ ಸ್ಟೇಜನ್ನೇ ಒಂದು ಅಡಿಗೆ ಇಳಿಸಿದರೆ ಹನ್ನೆರಡು ಅಡಿ ಸಾಕು, ಕಟ್ಟುವ ಖರ್ಚೂ ಕಡಿಮೆ. ಎತ್ತರವಿಲ್ಲದಿದ್ದರೆ ಹಿಂದೆ ಕೂತವರಿಗೆ ಕಾಣುವುದಿಲ್ಲ ಎನ್ನುವ ವಾದಕ್ಕೆ ಈಗ ಬಲವಿಲ್ಲ. ಹಾಲಿನ ಎರಡೂ ಬದಿಗೆ ಎಲ್‌ಇಡಿ ಪರದೆ ಹಾಕಿಸಿ ಮದುಮಗಳ ಮೂಗುತಿಯ ಹರಳನ್ನೂ ತೋರಿಸುವ ಕಾಲ ಇದು. ಮುಹೂರ್ತದ ದಿನ ಸಿಕ್ಕ ಹಾಲೇ ಗಟ್ಟಿ, ಆರಿಸಿಕೊಳ್ಳುವ ಮಾತೆಲ್ಲಿ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅದಕ್ಕೆ ಉತ್ತರ ಹಂದರದಲ್ಲೇ ಇದೆ. ಈ ಕಡೆಯ ಮಠ, ಜಾತ್ರೆಗಳ ಆಶ್ರಯದ ಸಾಮೂಹಿಕ ಲಗ್ನಗಳು ಹೆಚ್ಚಾಗಿ ನಡೆಯುವುದು ಬಯಲಲ್ಲಿ, ಶಾಮಿಯಾನದ ಕೆಳಗೆ. ಬಡವರ ಲಗ್ನಕ್ಕೆ ಎಲ್ಲರೂ ಬರಬಹುದು, ಸಾಲ ಮಾಡಿ ಹಿಡಿದ ಹಾಲಿಗೆ ಬರಲಾಗದು ಎಂಬುದು ನಮ್ಮ ಪ್ರತಿಷ್ಠೆಯ ಬಗ್ಗೆ ಒಂದಿಷ್ಟು ಹೇಳುತ್ತದೆ.

ಹಾಲಿನ ಒಳಗಿನಷ್ಟೇ ಹಾಲಿನ ತನಕದ ದಾರಿಯೂ ಲೆಕ್ಕಕ್ಕೆ ಬರಬೇಕು. ಹುಮನಾಬಾದ್ ಕೂಡುದಾರಿಯ ಊರು: ಪುಣೆ–ಹೈದರಾಬಾದ್ ಹೆದ್ದಾರಿಗೆ ಬೀದರ್–ಕಲಬುರಗಿ ರಸ್ತೆ ಇಲ್ಲಿ ಅಡ್ಡ ಬರುತ್ತದೆ, 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಸ್ಟೇಶನ್ನಿನ ಅನುಕೂಲವೂ ಇದೆ. ಬಸವಕಲ್ಯಾಣಕ್ಕೆ ರೈಲಿಲ್ಲ, ಹೆದ್ದಾರಿಯಿಂದ ಸಸ್ತಾಪುರ ಬಂಗ್ಲಾದಲ್ಲಿ ತಿರುಗಿ ಒಳಗೆ ಬರಬೇಕು. ಈಗ ಹಾಲ್‌ಗಳು ಜಾಗ ಹುಡುಕಿಕೊಂಡು ಹೆದ್ದಾರಿಯ ಬದಿಗೆ ಹೋಗುತ್ತಿವೆ. ಅಲ್ಲಿ ಜಾಗ ವಿಶಾಲ, ಎಲ್ಲ ನೆಲಮಟ್ಟದಲ್ಲಿ ಕಟ್ಟಬಹುದು, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಬಸ್ಸಿನಿಂದ ಎದುರು ಬದಿಗೆ ಇಳಿದ ಕೋಲಿನವರು ಲಾರಿಗಳ ನಡುವೆ ಹೆದ್ದಾರಿ ದಾಟಬೇಕು, ಆಟೊ ಅಲ್ಲಿಯವರೆಗೆ ಹೋದರೂ ಮರಳಿ ಸಿಗುವುದಿಲ್ಲ. ಲಿಫ್ಟ್ ಇದೆ ಎಂದು ತೋರಿಸುವ ಊರೊಳಗಿನ ಹಾಲಿನಲ್ಲಿ ಕರೆಂಟ್ ಹೋದರೆ ಜನರೇಟರಿಗೆ ಲಿಫ್ಟ್ ಜೋಡಿಸಿದ್ದಾರೋ, ಬರೀ ಸ್ಟೇಜಿನ ದೀಪಕ್ಕೋ ಕೇಳಬೇಕು. ಶೌಚಾಲಯದ ಬಾಗಿಲು ಎಷ್ಟು ಅಗಲ ಎಂದು ಅಳೆದು ನೋಡಿ ಮುಂಗಡ ಕೊಡುವವರು ಇನ್ನೂ ಹುಟ್ಟಬೇಕು. ಕೈತೊಳೆಯುವ ಜಾಗದ ಟೈಲ್ಸ್ ಬಣ್ಣ ಮಾತ್ರ ಎಲ್ಲರೂ ನೋಡುತ್ತಾರೆ.

ಇಷ್ಟಾದರೂ ರ‍್ಯಾಂಪ್ ಇಲ್ಲವೆನ್ನುವ ಎಷ್ಟೋ ಹಾಲುಗಳಲ್ಲಿ ರ‍್ಯಾಂಪ್ ಇರುತ್ತದೆ, ಹಿಂಬದಿಗೆ. ಗ್ಯಾಸ್ ಸಿಲಿಂಡರ್ ಉರುಳಿಸಲು, ಅಕ್ಕಿಮೂಟೆ ಗಾಡಿ ಎಳೆಯಲು, ಹುಗ್ಗಿಯ ಹಂಡೆ ಚೆಲ್ಲದೆ ಒಳಗೆ ಸಾಗಿಸಲು ಅಡುಗೆಯವರ ಗೇಟಿನಲ್ಲಿ ಕಟ್ಟಿಸಿದ್ದು. ಹತ್ತದ ಹಂಡೆಗೆ ಇಳಿಜಾರು ಬೇಕೆಂದು ಗುತ್ತಿಗೆದಾರನಿಗೆ ಮೊದಲೇ ತಿಳಿದಿತ್ತು. ದೊಡ್ಡಪ್ಪನ ಗಾಲಿಕುರ್ಚಿ ಬಂದಾಗ ಅಲ್ಲಿಂದ ಕರೆದುಕೊಂಡು ಬನ್ನಿ ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಹಿಂಬಾಗಿಲು ತೋರಿಸಿ ದಾರಿ ಇದೆಯಲ್ಲ ಎನ್ನುವ ಉತ್ತರವನ್ನು ಈ ಸೀಮೆಯಲ್ಲಿ ತಲೆಮಾರುಗಟ್ಟಲೆ ಕೇಳಿಸಿಕೊಂಡ ಜನರಿದ್ದಾರೆ, ಅದರ ರುಚಿ ಅವರಿಗೆ ಗೊತ್ತು. ಹೊಸ ಹಾಲ್ ಕಟ್ಟಿಸುವವರು ಆ ಇಳಿಜಾರನ್ನು ಮುಂಬಾಗಿಲಿಗೇ ಕಟ್ಟಿಸಿದರೆ ಬೆಳಗಿನ ಜಾವ ಸಿಲಿಂಡರೂ ಅಲ್ಲಿಂದ ಹೋಗಬಹುದು, ಹೊತ್ತೇರಿದ ಮೇಲೆ ಬೀಗರೂ ಬರಬಹುದು. ಎರಡು ದಾರಿ ಕಟ್ಟುವ ಖರ್ಚೂ ಉಳಿಯುತ್ತದೆ.